ಜರ್ಮನ್ ಬಾಯ್ಲರಿನ ಕೊನೆಯ ಮೆರವಣಿಗೆ

ಸುಳ್ಳು ಹೇಳುವವನು ತಾನೊಬ್ಬನೇ ಹೊರಬಹುದಾದಷ್ಟು ತೂಕದ ಸುಳ್ಳನ್ನು ಹೇಳಬೇಕು. ಖುಮ್ದೋನ್ ಮೊಹಲ್ಲಾದ ಹೈದರ್‌ಕುಲ್ ಮೇಷ್ಟ್ರು ಹೇಳಿದ ಸುಳ್ಳು ಮುನ್ನೂರು ಕಿಲೋ ತೂಗುತ್ತಿತ್ತು.

ಅದು ಅವರ ಮನೆಯ ಮೂಲೆಯಲ್ಲಿ ಕೂತಿದ್ದ ಬಾಯ್ಲರು. ಕಲ್ಲಿದ್ದಲು ತಿಂದು, ನೀರು ಕಾಯಿಸಿ, ಕೊಳವೆಗಳಲ್ಲಿ ಮನೆಯೆಲ್ಲ ಓಡಿಸುವುದು ಅದರ ಧರ್ಮ. ಅದು ಕಲ್ಲಿದ್ದಲು ತಿನ್ನುವುದೊಂದನ್ನು ಮಾತ್ರ ತಪ್ಪದೆ ಪಾಲಿಸುತ್ತಿತ್ತು. ರೈಲ್ವೆಯಲ್ಲಿದ್ದ ಅವರಪ್ಪ, ಗುಜರಿಗೆ ಬಿದ್ದ ಎಣ್ಣೆ ಟ್ಯಾಂಕರನ್ನು ಕತ್ತರಿಸಿ ಬೆಸುಗೆ ಹಾಕಿ ಅದನ್ನು ಮಾಡಿದ್ದರು. ಅದು ಮನೆಗೆ ಬಂದ ಮರುದಿನವೇ ಹೈದರ್‌ಕುಲ್, ಆಗಿನ್ನೂ ಮೀಸೆ ಮೂಡದವನು, ಬೀದಿಯಲ್ಲಿ ನಿಂತು "ನಮ್ಮನೇದು ಜರ್ಮನ್ ಬಾಯ್ಲರು" ಎಂದುಬಿಟ್ಟ. ಬೀದಿ ನಂಬಿತು. ಅಂದಿನಿಂದ ಮೂವತ್ತೈದು ವರ್ಷ ಆ ಮೂಲೆಗೆ ಒಂದು ಪರದೆ ಬಿತ್ತು. ನೋಡಬೇಕೆಂದವರಿಗೆ, "ಜರ್ಮನ್ ಯಂತ್ರ, ಗಾಳಿ ತಾಗಬಾರದು" ಎಂಬ ಉತ್ತರ ಸಿದ್ಧವಿತ್ತು.

ಹೈದರ್‌ಕುಲ್ ಈಗ ಶಾಲೆಯಲ್ಲಿ ಕರಕುಶಲದ ಮೇಷ್ಟ್ರು. ಮೊಹಲ್ಲಾದ ಮಕ್ಕಳಿಗೆ ಸ್ಟೂಲು ಮಾಡುವುದನ್ನು ಕಲಿಸಿದವರು. ಆದ್ದರಿಂದಲೇ ಮೊಹಲ್ಲಾದಲ್ಲಿ ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ತಾಗುವ ಸ್ಟೂಲು ಒಂದೂ ಇರಲಿಲ್ಲ.

ಹೀಗೆ ಸುಖವಾಗಿದ್ದವರ ಮನೆಗೆ ನಗರ ಸೌಂದರ್ಯ ಸಮಿತಿಯ ನೋಟೀಸು ಬಂತು. ಚಳಿಗಾಲದಲ್ಲಿ ಗ್ಯಾಸು ಬರುವುದಿಲ್ಲ, ಮಕ್ಕಳು ಕೆಮ್ಮುತ್ತಿವೆ ಎಂದು ಖುಮ್ದೋನಿನವರು ಆರು ವರ್ಷ ಅರ್ಜಿ ಬರೆದಾಗ ಈ ಸಮಿತಿಗೆ ಚಳಿ ಎಂದರೇನೆಂದೇ ಗೊತ್ತಿರಲಿಲ್ಲ. ಅವರ ಕೋಣೆಯಲ್ಲಿ ಏಳು ಹೀಟರುಗಳಿದ್ದವು. ಹಳೇ ಊರಿನ ಜಾಗದಲ್ಲಿ ಗಾಜಿನ ಹೋಟೆಲು ಏಳಬೇಕೆಂಬ ನಕ್ಷೆ ಮೇಜಿಗೆ ಬಂದ ದಿನ ಮಾತ್ರ ಬಡವರ ಚಳಿ ನೆನೆದು ಸಮಿತಿಯ ಕರುಳು ಕಿವುಚಿತು. ಯಾವ ಮನೆಯಲ್ಲಿ ಚಳಿಗಾಲಕ್ಕೆ ಹದಿನೆಂಟು ಡಿಗ್ರಿ ಶಾಖವಿಲ್ಲವೋ, ಬೇಸಿಗೆಗೆ ತಂಪಿನ ವ್ಯವಸ್ಥೆಯಿಲ್ಲವೋ ಅದು ಮನುಷ್ಯವಾಸಕ್ಕೆ ಯೋಗ್ಯವಲ್ಲ. ಅದರ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆಯಲಾಗುವುದು. ವಸಂತಕ್ಕೆ ಬುಲ್ಡೋಜರು ಬರುವುದು. ಬೀದಿಯ ತಿರುವಿನ ಮೂರು ಮನೆಗಳಿಗೆ ಆಗಲೇ ಕೆಂಪು ಬಿದ್ದಿತ್ತು. ಹೈದರ್‌ಕುಲ್ ಮನೆಯ ಸರದಿ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ.

ಮನೆ ಅವರ ಮುತ್ತಜ್ಜ ಕಟ್ಟಿದ್ದು. ಮುತ್ತಜ್ಜ, ಖುಮ್ದೋನಿನ ಎಲ್ಲರ ಹಿರಿಯರಂತೆ, ಇಟ್ಟಿಗೆ ಗೂಡಿನವನು. ಗೋಡೆಗಳು ಒಂದೂವರೆ ಮೊಳ ದಪ್ಪ. ನೂರಿಪ್ಪತ್ತು ವರ್ಷ ಎರಡು ಭೂಕಂಪ, ಮೂರು ಸರ್ಕಾರ ಎಲ್ಲವನ್ನೂ ತಡೆದುಕೊಂಡು ನಿಂತ ಆ ಮನೆ ಈಗ ಒಂದು ಥರ್ಮಾಮೀಟರಿಗೆ ಹೆದರಬೇಕಾಯಿತು.

"ಅಂಜಬೇಡ," ಎಂದರು ಮೇಷ್ಟ್ರು ಹೆಂಡತಿ ಸಬೊಹತ್‌ಗೆ. "ಹೊಸ ಯಂತ್ರ ಹಾಕಿಸ್ತೀನಿ. ಚಳಿಗಾಲಕ್ಕೆ ಬಿಸಿ, ಬೇಸಿಗೆಗೆ ತಂಪು, ಎರಡೂ ಒಂದರಲ್ಲೇ."

"ಮನೇಲಿ ಆಗಲೇ ಒಬ್ಬರು ಇದ್ದಾರಲ್ಲ, ಎರಡೂ ಒಂದರಲ್ಲೇ," ಎಂದಳು ಸಬೊಹತ್, ತನ್ನ ತಾಯಿಯ ಕಡೆ ನೋಡಿ. ತಾಯಿ ಬೀಬಿಸೊರಾಗೆ ಎಂಬತ್ತನಾಲ್ಕು. ಅಳಿಯನನ್ನು ಆಕೆ ಒಮ್ಮೆಯೂ ಹೊಗಳಿದ್ದನ್ನು ಇಟ್ಟಿಗೆಗಳೂ ಕೇಳಿರಲಿಲ್ಲ.

ಯಂತ್ರವೇನೋ ಬುಧವಾರ ಬಂತು, ನಾಲ್ಕು ರಟ್ಟಿನ ಪೆಟ್ಟಿಗೆಗಳಲ್ಲಿ. ಅದನ್ನು ಕೂರಿಸುವ ಮೇಸ್ತ್ರಿ ಉಸ್ತಾ ರವಿಲ್ ಗುರುವಾರ ಬೆಳಿಗ್ಗೆ ಇಬ್ಬರು ಆಳುಗಳೊಂದಿಗೆ ಬಂದು, ಪರದೆ ಸರಿಸಿ, ಬಾಯ್ಲರಿಗೆ ಒಂದು ಏಟು ಹಾಕಿ ಹೇಳಿದ: "ಮೊದಲು ಈ ಎಮ್ಮೇನ ಹೊರಗೆ ಹಾಕ್ಬೇಕು. ಗೋಡೆ ಖಾಲಿ ಆಗ್ದೆ ನಾನು ಮೊಳೆ ಮುಟ್ಟಲ್ಲ."

"ಗುಜರಿ ಅಂಗಡಿ ಇಪ್ಪತ್ತು ಹೆಜ್ಜೆ. ಹೊತ್ಕೊಂಡು ಹೋಗೋಣ."

"ಹೋಗೋಣ. ಆದ್ರೆ ಮೇಷ್ಟ್ರೇ, ಇದು ಜರ್ಮನ್ ಅಂತಿದ್ರಲ್ಲ ಜನ? ಇಲ್ಲಿ ನೋಡಿದ್ರೆ..."

"ಶ್!" ಎಂದರು ಮೇಷ್ಟ್ರು.

ಅಲ್ಲಿಂದ ಶುರುವಾಯಿತು ಎಡವಟ್ಟು. ಬಾಯ್ಲರಿನ ಹೊಟ್ಟೆಯ ಮೇಲೆ ಟ್ಯಾಂಕರಿನ ಬಿಳಿ ಅಕ್ಷರಗಳು ಇನ್ನೂ ಇದ್ದವು. ಬೀದಿಗೆ ಅದನ್ನು ಬೆತ್ತಲೆ ತೋರಿಸುವುದು ಸಾಧ್ಯವೇ? ಮೇಷ್ಟ್ರು ಅದನ್ನು ಎರಡು ರಜಾಯಿಗಳಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿದರು. ಹಗ್ಗ ಸಾಲದ್ದಕ್ಕೆ ಅತ್ತೆಯ ಹೂವಿನ ಶಾಲು ಸಿಕ್ಕಿತು, ಅದರಿಂದ ಬಿಗಿದರು. ಉದ್ದಕ್ಕೆ ಏಣಿಯ ಮೇಲೆ ಮಲಗಿಸಿದರು. ನಡುವೆ ಭಾರ ಇಳಿಸಲು ಇರಲಿ ಎಂದು ಎರಡು ಬೆಂಚುಗಳನ್ನು ಬಾಗಿಲ ಹೊರಗೆ ಹಾಕಿಸಿದರು. ಹಿಂದಿನ ರಾತ್ರಿಯಿಂದ ಬೆಂಕಿ ಆರಿಸಿದ್ದರಿಂದ ಮನೆ ಹಿಮದ ಗಡ್ಡೆ. ಆದ್ದರಿಂದ ಹತ್ತಿ ತುಂಬಿದ ಉದ್ದನೆ ಚಪಾನ್ ತೊಟ್ಟು, ಗಾಳಿ ನುಗ್ಗದಂತೆ ನಡುಪಟ್ಟಿ ಕಟ್ಟಿ, ತಲೆಗೆ ಟೋಪಿ ಇಟ್ಟರು. ಮೂಗಿನಲ್ಲಿ ಮಸಿ ಹೋಗಿ ಕಣ್ಣೀರು ಸುರಿಯುತ್ತಿತ್ತು.

ಬಾಗಿಲಲ್ಲಿ ಬೆಂಚು, ನಡುಪಟ್ಟಿ ಬಿಗಿದ ಚಪಾನು, ಏಣಿಯ ಮೇಲೆ ಹೆಂಗಸಿನ ಶಾಲು. ಇವು ಸಾವಿನ ಮನೆಯ ಗುರುತೆಂದು ಖುಮ್ದೋನಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮೇಷ್ಟ್ರಿಗೆ ಆ ಗಳಿಗೆಯಲ್ಲಿ ಗೊತ್ತಿರಲಿಲ್ಲ. ಅವರ ತಲೆಯಲ್ಲಿ ಮೂರು ಗಂಟೆ ಹೊಡೆಯುತ್ತಿತ್ತು.

ಎದುರಿನ ನಾನ್ ಅಂಗಡಿಯ ಮಿರ್‌ಜಲೊಲ್ ತಂದೂರಿನಿಂದ ತಲೆ ಎತ್ತಿ ನೋಡಿದ. ಕೈಯಲ್ಲಿದ್ದ ಹಿಟ್ಟನ್ನು ಕೈಬಿಟ್ಟ. "ಅಯ್ಯೋ ಬೀಬಿಸೊರಾ ಅಜ್ಜೀ!" ಎಂದು ಮೊಣಕೈವರೆಗೂ ಹಿಟ್ಟಿನ ತೋಳಿನಲ್ಲೇ ಓಡಿ ಬಂದು ಏಣಿಗೆ ಹೆಗಲು ಕೊಟ್ಟ.

ಚಟ್ಟ ಎದುರಾದಾಗ ನಿಲ್ಲಿಸಿ ವಿಚಾರಿಸುವುದು ಅಲ್ಲಿ ಮರ್ಯಾದೆಯಲ್ಲ. ಮೊದಲು ಹೆಗಲು, ಏಳು ಹೆಜ್ಜೆ, ಮಾತು ಆಮೇಲೆ. ಚಮ್ಮಾರ ಬಂದ, ಕ್ಷೌರಿಕ ಬಂದ, ಕ್ಷೌರಿಕನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಬಂದ. ಏಣಿ ನೆಲ ಮುಟ್ಟದೆ ಹೆಗಲಿಂದ ಹೆಗಲಿಗೆ ಜಾರತೊಡಗಿತು. ಮೇಷ್ಟ್ರಿಗೆ ಎದೆ ತುಂಬಿ ಬಂತು. ಕರೆಯದೇ ಬಂದು ಕೈ ಹಾಕುವ ಜನ ಇನ್ನೂ ಇದ್ದಾರೆ! ಮಸಿಯ ಕಣ್ಣೀರಿಗೆ ನಿಜವಾದ ಕಣ್ಣೀರು ಸೇರಿತು.

"ದೇವರು ತಾಳ್ಮೆ ಕೊಡ್ಲಿ ಮೇಷ್ಟ್ರೇ," ಎಂದ ಮಿರ್‌ಜಲೊಲ್.

"ಕೊಡ್ಲಪ್ಪ. ಮೂರು ಗಂಟೆ ಒಳಗೆ ಮುಗೀಬೇಕು, ಅದೊಂದೇ ಗಾಬರಿ."

"ಮುಗಿಸೋಣ ಬಿಡಿ. ಚಿಲ್ಲಾದ ಈ ನಲವತ್ತು ದಿನದ ಚಳೀಲಿ ಹೊತ್ತು ಬೇಗ ಮುಳುಗತ್ತೆ, ನಮಗೂ ಗೊತ್ತು."

ಏಣಿಯ ಕೆಳಗಿನಿಂದ ಬೇರೆ ಮಾತೂ ಕೇಳುತ್ತಿತ್ತು.

"ಅಬ್ಬಬ್ಬಾ! ಅಜ್ಜಿ ಒಣಕಡ್ಡಿ ಹಾಗಿದ್ರಲ್ಲೋ!"

"ಪುಣ್ಯದ ತೂಕ ಕಣೋ."

"ಪುಣ್ಯ ಇಷ್ಟು ಚುಚ್ಚುತ್ತೇನೋ? ಎಲ್ಲಾ ಮೂಳೆ."

ಗುಜರಿ ಅಂಗಡಿ ಬಂತು. ಏಣಿ ನಿಲ್ಲಲಿಲ್ಲ. ಗುಜರಿಯವನೇ ಅಂಗಡಿ ಬಿಟ್ಟು ಬಂದು ಹೆಗಲು ಕೊಟ್ಟ. ಮೇಷ್ಟ್ರಿಗೆ ಬೆಪ್ಪು ಹಿಡಿಯಿತು. "ಏಯ್, ನಿಲ್ರೋ! ಇಲ್ಲೇ ಇಳಿಸ್ರೋ!" ಎಂದು ಕೂಗಿದರು.

"ಪಾಪ, ಕಳಿಸೋಕೆ ಮನಸ್ಸಿಲ್ಲ," ಎಂದ ಚಮ್ಮಾರ, ಕಣ್ಣೊರೆಸಿಕೊಂಡು.

"ಯಾರನ್ನ ಕಳಿಸೋದು? ಎಲ್ಲಿಗೆ ಹೊರಟ್ರಿ?"

"ಎಲ್ರೂ ಹೋಗೋ ಜಾಗಕ್ಕೇ ಮೇಷ್ಟ್ರೇ. ಗಟ್ಟಿ ಮನಸ್ಸು ಮಾಡ್ಕೊಳಿ."

ಆಗ ಮೇಷ್ಟ್ರಿಗೆ ತಮ್ಮ ನಡುಪಟ್ಟಿ ಕಂಡಿತು. ಶಾಲು ಕಂಡಿತು. ಬೆಂಚುಗಳು ನೆನಪಾದವು. "ಅದು ಅತ್ತೆ ಅಲ್ಲ ಕಣ್ರಯ್ಯಾ, ಬಾಯ್ಲರು!" ಎಂದು ಕಿರುಚಿದರು.

"ದುಃಖ ನೆತ್ತಿಗೇರಿದೆ," ಎಂದು ಜನ ಪರಸ್ಪರ ಪಿಸುಗುಟ್ಟಿದರು. ಇಬ್ಬರು ರಟ್ಟೆ ಹಿಡಿದುಕೊಂಡರು.

"ಬಿಚ್ಚಿ ತೋರಿಸ್ತೀನಿ ಬೇಕಾದ್ರೆ!" ಎಂದು ಬಾಯಿ ತೆರೆದವರು ಹಾಗೇ ಮುಚ್ಚಿದರು. ಬಿಚ್ಚಿದರೆ ಅತ್ತೆ ಉಳಿಯುತ್ತಿದ್ದಳು, ಜರ್ಮನಿ ಹೋಗುತ್ತಿತ್ತು. ಮೂವತ್ತೈದು ವರ್ಷದ ಮಾನ ಒಂದು ಕಡೆ, ಮುತ್ತಜ್ಜನ ಮನೆ ಇನ್ನೊಂದು ಕಡೆ. ಮೇಷ್ಟ್ರು ಇದನ್ನು ತೂಗಿ ನೋಡುವಷ್ಟರಲ್ಲಿ ಏಣಿ ಎರಡು ಬೀದಿ ದಾಟಿತ್ತು. ಅದಕ್ಕಿಂತ ಘೋರವಾದ ಸಂಗತಿ ಏನೆಂದರೆ, ಏಣಿಯ ಮುಂದಿನ ಬಲಗಡೆ ಸಿಕ್ಕಿಕೊಂಡು, ಹಿಂದಿನವರ ನೂಕಿಗೆ ಹೆಗಲು ಬಿಡಿಸಿಕೊಳ್ಳಲಾಗದೆ ಓಡುತ್ತಿದ್ದವನು ಬೇರಾರೂ ಅಲ್ಲ, ಉಸ್ತಾ ರವಿಲ್. ಯಂತ್ರ ಪೆಟ್ಟಿಗೆಯಲ್ಲಿ; ಅದನ್ನು ಕೂರಿಸಬೇಕಾದವನು ಸ್ಮಶಾನದ ದಾರಿಯಲ್ಲಿ.

ಸ್ಮಶಾನದಲ್ಲಿ ಇನ್ನೂರು ಜನ ಸೇರಿದ್ದರು. ಮೊಹಲ್ಲಾದ ಹಿರಿಯ, ಬಿಳಿಗಡ್ಡದ ಬೊಟಿರಲಿ, ಆಗಲೇ ಭಾಷಣ ಹಿಡಿದಿದ್ದರು. ಮದುವೆಯಾಗಲಿ ಮರಣವಾಗಲಿ, ಬೊಟಿರಲಿಯವರ ಭಾಷಣ ಒಂದೇ. ಕೊನೆಯಲ್ಲಿ ಅಭಿನಂದನೆಯೋ ಸಂತಾಪವೋ ಎಂಬುದಷ್ಟೇ ಬದಲು. "ಆ ಮನೆಗೆ ಬಂದವರನ್ನೆಲ್ಲ ಬೆಚ್ಚಗೆ ಇಟ್ಟ ಜೀವ!" ಎಂದು ಅವರು ದನಿ ನಡುಗಿಸಿದರು. ಇಮಾಮರು ಮುಂದೆ ಬಂದು, ವಾಡಿಕೆಯಂತೆ ಜನರನ್ನು ಕೇಳಿದರು: "ಹೇಳ್ರಪ್ಪ, ಇವರು ಎಂಥವರಾಗಿದ್ರು?"

"ಒಳ್ಳೆಯವರು!" ಎಂದವು ಇನ್ನೂರು ಗಂಟಲು.

"ಒಳ್ಳೇದಲ್ಲ!" ಎಂದು ಹಿಂದಿನಿಂದ ಒಂದು ಆರ್ತನಾದ ಬಂತು. "ಮೂವತ್ತೈದು ವರ್ಷ ಬರೀ ಹೊಗೆ ಉಗುಳಿದೆ!"

ರಟ್ಟೆ ಹಿಡಿದವರನ್ನು ಕೊಡವಿಕೊಂಡು ಬಂದ ಮೇಷ್ಟ್ರು ಶಾಲಿನ ಗಂಟು ಎಳೆದರು. ರಜಾಯಿ ಬಿಚ್ಚಿಕೊಂಡಿತು. ತುಕ್ಕು ಹಿಡಿದ ಕಬ್ಬಿಣದ ಹೊಟ್ಟೆಯ ಮೇಲೆ ಬಿಳಿ ಅಕ್ಷರಗಳು: "ರೈಲ್ವೆ ಇಲಾಖೆ. ಬೆಂಕಿಯಿಂದ ದೂರವಿಡಿ."

ಇನ್ನೂರು ಕತ್ತುಗಳು ಮುಂದಕ್ಕೆ ಚಾಚಿದವು.

ಮಿರ್‌ಜಲೊಲ್ ನಿಧಾನವಾಗಿ ಓದಿ ಮುಗಿಸಿ ಕೇಳಿದ: "ಜರ್ಮನ್ನರು ನಮ್ಮ ರೈಲ್ವೇಲಿ ಕೆಲಸಕ್ಕಿದ್ರಾ ಮೇಷ್ಟ್ರೇ?"

ಮೊದಲು ನಕ್ಕವರು ಇಮಾಮರು. ಗೋಡೆಯ ಕಡೆ ತಿರುಗಿಕೊಂಡು, ಹೆಗಲು ಕುಲುಕಿಸಿ ನಕ್ಕರು. ಆಮೇಲೆ ಕಟ್ಟೆ ಒಡೆಯಿತು. ಅರ್ಧ ಗಡ್ಡದವನು ಇನ್ನೊಬ್ಬರ ಮೇಲೆ ಬಿದ್ದು ನಕ್ಕ. ಬೊಟಿರಲಿಯವರಿಗೆ ಮಾತ್ರ ನಗು ಬರಲಿಲ್ಲ. ಅವರ ಭಾಷಣ ಅರ್ಧಕ್ಕೇ ನಿಂತಿತ್ತು. "ಹಾಗಾದ್ರೆ ನಿಮ್ಮತ್ತೆ?"

"ಹಿಂದಿನ ಬೀದೀಲಿ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಾರೆ. ಮೂರನೇ ತಟ್ಟೆ ಪಲಾವ್ ತಿಂತಿರ್ತಾರೆ."

ಮೇಷ್ಟ್ರು ಬಾಯ್ಲರಿನ ಮೇಲೇ ಕುಸಿದು ಕೂತು ಎಲ್ಲವನ್ನೂ ಹೇಳಿದರು. ನೋಟೀಸು, ಮೂರು ಗಂಟೆ, ಕೆಂಪು ಬಣ್ಣ. ಗಂಟೆ ಆಗಲೇ ಒಂದೂವರೆ ದಾಟಿತ್ತು. ಎಲ್ಲರೂ ಉಸ್ತಾ ರವಿಲ್‌ನ ಕಡೆ ನೋಡಿದರು. ಅವನು ಊದಿದ ಹೆಗಲು ತಿಕ್ಕಿಕೊಂಡು, "ಆರು ತಾಸಿನ ಕೆಲಸ ಅಣ್ಣಂದಿರಾ. ನಾನೇನು ಜಾದೂಗಾರ ಅಲ್ಲ," ಎಂದ.

ನಗು ನಿಂತಿತು. ಕೆಂಪು ಬಿದ್ದ ಮೂರು ಮನೆಯವರೂ ಆ ಗುಂಪಿನಲ್ಲಿದ್ದರು. ಉಳಿದವರ ಮನೆಗಳೂ ಪಟ್ಟಿಯಲ್ಲಿದ್ದವು. ಇವತ್ತು ಮೇಷ್ಟ್ರ ಗೋಡೆ, ನಾಳೆ ತಮ್ಮದು ಎಂಬುದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೊಟಿರಲಿ ಗಡ್ಡ ನೀವಿದರು. "ಕೆಲಸ ಬಿಟ್ಟು ಹೂಳೋಕೆ ಬಂದ್ವಿ. ಹೂಳೋದಂತೂ ಆಗ್ಲಿಲ್ಲ. ಮನೆಗೆ ಹೋಗಿ ಕೂತು ದುಃಖ ಹಂಚ್ಕೊಳೋದಾದ್ರೂ ಆಗ್ಲಿ. ಎಲ್ರೂ ನಡೀರಿ."

"ಸಾವೇ ಆಗಿಲ್ಲವಲ್ಲಣ್ಣ?" ಎಂದರು ಮೇಷ್ಟ್ರು.

"ಆಗಿದೆ. ನಿನ್ನ ಜರ್ಮನಿ ಸತ್ತಿದೆ. ಅದು ಇಲ್ಲೇ ಬಿದ್ದಿರ್ಲಿ. ಏಳು, ನಡಿ."

ಅತ್ತ ಮನೆಯಲ್ಲಿ ಬೇರೆಯೇ ಪ್ರಳಯ. ಗಂಡಸರ ಏಣಿ ಬೀದಿ ದಾಟಿದೊಡನೆ ಹೆಂಗಸರು ಪಲಾವಿನ ಕಡಾಯಿ ಹೊತ್ತು ನುಗ್ಗಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ. "ನಿನ್ನ ತಾಯಿ ಹೋಗಿಬಿಟ್ರಲ್ಲೇ!" ಎಂದು ಸಬೊಹತ್‌ಳನ್ನು ತಬ್ಬಿಕೊಂಡರು. ಬೆಳಿಗ್ಗೆ ನಡೆದುಕೊಂಡೇ ಹೋದ ತಾಯಿ ಅಲ್ಲೆಲ್ಲೋ ಕುಸಿದಳೆಂದು ನಂಬಿ ಸಬೊಹತ್ ಮುಗಿಲು ಹರಿಯುವಂತೆ ಅಳತೊಡಗಿದಳು.

ಆ ಹೊತ್ತಿಗೆ ಬಾಯಿಯ ಎಣ್ಣೆ ಒರೆಸಿಕೊಳ್ಳುತ್ತ ಬೀಬಿಸೊರಾ ಬಂದಳು. ಬಾಗಿಲಲ್ಲಿ ಬೆಂಚು, ಒಳಗೆ ಮಗಳು ಅಳುತ್ತಿದ್ದಾಳೆ, ಅಳಿಯನ ಸುಳಿವಿಲ್ಲ. ಇನ್ನೇನು ಬೇಕು? ಎದೆ ಬಡಿದುಕೊಂಡು ಹಾಡಿ ಅಳಲು ಶುರುಮಾಡಿದಳು:

"ಅಯ್ಯೋ ನನ್ನ ಚಿನ್ನದಂಥ ಅಳಿಯಾ! ಕೋಪ ಅನ್ನೋದು ಗೊತ್ತಿಲ್ದ ಕುರಿಮರೀ! ಕೈಗೆ ಕೆಲಸ ಬರದಿದ್ರೂ ಕೈ ಕಟ್ಟಿ ಕೂರದವನೇ! ನಿನ್ನ ಸ್ಟೂಲಿಂದ ಬಿದ್ದಾಗೆಲ್ಲ ನನ್ನ ಎತ್ತಿ ಕೂರಿಸ್ತಿದ್ದವನೇ!"

ಸತ್ತವಳೇ ಬಂದು ಅಳುವುದನ್ನು ಕಂಡು ಹೆಂಗಸರ ಬಾಯಿ ತೆರೆದಂತೆಯೇ ನಿಂತಿತು. ತಾಯಿಯನ್ನು ಕಂಡ ಸಬೊಹತ್ ಅಳು ನಿಲ್ಲಿಸಿ ನಕ್ಕಳು. ಮರುಕ್ಷಣ ತಾಯಿಯ ಹಾಡಿನ ಅರ್ಥ ತಿಳಿದು, ಗಂಡ ಬಾಯ್ಲರಿನ ಕೆಳಗೆ ಸಿಕ್ಕಿ ಸತ್ತನೆಂದುಕೊಂಡು, ಈ ಸಲ ಅವನಿಗಾಗಿ ಮೊದಲಿನಿಂದ ಶುರುಮಾಡಿದಳು.

ಇನ್ನೂರು ಜನರನ್ನು ಹಿಂದೆ ಕಟ್ಟಿಕೊಂಡು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು. ಅತ್ತೆಯ ಬಾಯಿಂದ ತಮ್ಮ ಹೊಗಳಿಕೆ! ಮಿರ್‌ಜಲೊಲ್ ನೂಕಿದರೂ ಒಳಗೆ ಹೋಗಲಿಲ್ಲ. "ಒಂದು ನಿಮಿಷ ತಡಿಯೋ. ಇನ್ನೊಂದು ಚರಣ ಇದೆ ಅನ್ಸತ್ತೆ," ಎಂದರು.

ಅತ್ತೆ ತಲೆ ಎತ್ತಿದಳು. ಅಳಿಯ ಕಂಡ. ಹಾಡು ನಡುವೆಯೇ ತುಂಡಾಯಿತು. "ಬದುಕಿದೀಯಾ ಮುಠ್ಠಾಳ! ನನ್ನ ಶಾಲು ಎಲ್ಲಿ?"

ಮೂರಕ್ಕೆ ಸರಿಯಾಗಿ ಸಮಿತಿಯ ಶೊಮುರೊದೊವ್ ಸಾಹೇಬರು ಬಂದರು. ಹಿಂದೆ ಒಬ್ಬ ಗುಮಾಸ್ತ. ಅವನ ಒಂದು ಕೈಯಲ್ಲಿ ಥರ್ಮಾಮೀಟರು, ಇನ್ನೊಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ. ಬಾಗಿಲ ಬೆಂಚು, ಚಪಾನಿನ ಸಾಲು ಕಂಡದ್ದೇ ಸಾಹೇಬರ ಮುಖ ತಾನಾಗಿ ಸಪ್ಪಗಾಯಿತು. ಎಷ್ಟಾದರೂ ಅವರೂ ತಾಯಿ ಹೆತ್ತ ಮಗ. ಒಳಗೆ ಬಂದು, ಜನರ ನಡುವೆ ಮಂಡಿಯೂರಿ, ಅಂಗೈ ಎತ್ತಿ ಪ್ರಾರ್ಥನೆ ಸಲ್ಲಿಸಿದರು. ಎದ್ದೇಳಲು ನೋಡಿದರೆ ಜಾಗವಿಲ್ಲ. ಎರಡು ಕೋಣೆಗಳಲ್ಲಿ ಇನ್ನೂರು ಮೈ, ಇನ್ನೂರು ಉಸಿರು, ನೂರು ಪಿಂಗಾಣಿ ಬಟ್ಟಲಿನ ಬಿಸಿ ಚಹಾ, ಒಂದೂವರೆ ಮೊಳದ ಗೋಡೆ. ಹೊರಗೆ ಹೋಗಲು ಶಾಖಕ್ಕೆ ದಾರಿಯೇ ಇರಲಿಲ್ಲ. ಸಾಹೇಬರ ತುಪ್ಪಳದ ಟೋಪಿಯ ಕೆಳಗಿನಿಂದ ಬೆವರು ಇಳಿಯಿತು.

ಇದ್ದಕ್ಕಿದ್ದಂತೆ ಗುಮಾಸ್ತ ನುಡಿದ: "ಸಾರ್, ಇಪ್ಪತ್ನಾಲ್ಕು ಡಿಗ್ರಿ."

"ಏನು?"

"ಕೈಯಲ್ಲೇ ಇತ್ತಲ್ಲ ಸಾರ್, ತಾನೇ ಏರ್ಬಿಟ್ಟಿದೆ."

ಸಾಹೇಬರು ಸುತ್ತ ನೋಡಿದರು. ಮೂಲೆ ಖಾಲಿ, ಪೆಟ್ಟಿಗೆಗಳು ತೆರೆದಿಲ್ಲ. "ಶಾಖ ಎಲ್ಲಿಂದ ಬರ್ತಿದೆ?"

"ನಮೂನೇಲಿ ಅಂಥ ಕಾಲಂ ಇಲ್ಲ ಸಾರ್. ಎಷ್ಟು ಡಿಗ್ರಿ ಅಂತಷ್ಟೇ ಇದೆ."

ಸಾಹೇಬರ ಕಣ್ಣು ಸಣ್ಣದಾಯಿತು. ತಿರುವಿನ ಮೂರು ಮನೆಗಳಿಗೆ ಅವರು ಕೆಂಪು ಬಳಿಸಿದ್ದು ನಮೂನೆಯ ಎರಡನೇ ಕಾಲಂ ತೋರಿಸಿ. "ಸರಿ. ತಂಪಿನ ವ್ಯವಸ್ಥೆ? ಅದನ್ನ ತೋರಿಸಿ."

ಮಿರ್‌ಜಲೊಲ್ ಎದ್ದು ಹೋಗಿ ಅಂಗಳದ ಬಾಗಿಲನ್ನು ಕಾಲಿಂದ ಒದ್ದ. ಕಣಿವೆಯ ಚಳಿಗಾಳಿ ಒಳಗೆ ನುಗ್ಗಿ ಸಾಹೇಬರ ಟೋಪಿ ಹಾರಿಸಿತು.

"ಒಂಬತ್ತು ಡಿಗ್ರಿ ಸಾರ್," ಎಂದ ಗುಮಾಸ್ತ, ಹಲ್ಲು ಕಟಕಟಿಸುತ್ತ. "ಏಳು... ಬರ್ಕೊಳ್ಲಾ?"

"ಮುಚ್ರೋ ಬಾಗಿಲು!" ಸಾಹೇಬರು ಚೀರಿದರು. ಆಗ ತಟ್ಟನೆ ಸಂಶಯ ಬಂತು. "ಅಂದ ಹಾಗೆ, ತೀರಿಕೊಂಡಿದ್ದು ಯಾರು?"

"ಯಾರೂ ಇಲ್ಲಪ್ಪ," ಎಂದಳು ಬೀಬಿಸೊರಾ, ಅವರ ಮುಂದೆ ಪಲಾವ್ ಇಡುತ್ತ. "ತಿನ್ನು, ಮುಖ ಬಾಡಿದೆ."

"ಮತ್ತೆ ಇಷ್ಟು ಜನ ಯಾಕೆ?"

ಬೊಟಿರಲಿ ಎದ್ದು ನಿಂತರು. ಅವರ ಬದುಕಿನಲ್ಲೇ ಚಿಕ್ಕದಾದ ಭಾಷಣ ಅದು. "ಮನೇಲಿ ಜನ ಇರಬಾರ್ದು ಅಂತ ಕಾನೂನಿದ್ರೆ ತೋರಿಸಿ ಸಾಹೇಬ್ರೆ. ನಿಮ್ಮ ಹೋಟೆಲಿನ ನಕ್ಷೇಲಿ ಹಾಗೇ ಇದೆಯಂತೆ. ನಮೂನೇಲಿ ಇದ್ಯಾ?"

ಸಾಹೇಬರು ನಮೂನೆ ನೋಡಿದರು. ಹಿಂದೆ ತಿರುಗಿಸಿ ನೋಡಿದರು. ಇರಲಿಲ್ಲ. ಸುತ್ತ ಇನ್ನೂರು ಜನ ಉಸಿರಾಡುತ್ತಿದ್ದರು, ಸುಮ್ಮನೆ, ಮರ್ಯಾದೆಯಿಂದ, ಬಾಗಿಲಿಗೆ ಅಡ್ಡವಾಗಿ. ಇಟ್ಟಿಗೆ ಗೂಡಿನವರ ಮಕ್ಕಳು; ಬೆಂಕಿ ಎಷ್ಟು ಹೊತ್ತು ಹಿಡಿದಿಡಬೇಕೆಂದು ಬಲ್ಲವರು. ಸಾಹೇಬರು ಸಹಿ ಹಾಕಿದರು. ವಾಸಕ್ಕೆ ಯೋಗ್ಯ.

"ಇನ್ನು ತಿರುವಿನ ಆ ಮೂರು ಮನೆ," ಎಂದರು ಬೊಟಿರಲಿ. "ಅವನ್ನ ಮತ್ತೊಮ್ಮೆ ಅಳೀಬೇಕು. ಈಗಲೇ. ಜನ ಎಲ್ಲಾ ಇಲ್ಲೇ ಇದ್ದಾರೆ."

ಸಾಹೇಬರು ಬಾಯಿ ತೆರೆದರು. ಆದರೆ ಜನ ಆಗಲೇ ಎದ್ದಿದ್ದರು, ಮತ್ತು ಆ ಜನದ ನಡುವೆ ಸಿಕ್ಕಿಕೊಂಡವನು ಎಲ್ಲಿಗೆ ಹೋಗಬೇಕೆಂಬುದು ಅವನ ಕೈಯಲ್ಲಿರುವುದಿಲ್ಲವೆಂದು ಉಸ್ತಾ ರವಿಲ್‌ನನ್ನು ಕೇಳಿದರೆ ಹೇಳುತ್ತಿದ್ದ. ಸಾಹೇಬರು, ಗುಮಾಸ್ತ, ಥರ್ಮಾಮೀಟರು, ಪಲಾವಿನ ಕಡಾಯಿ, ಎಲ್ಲವೂ ಒಂದೇ ಪ್ರವಾಹದಲ್ಲಿ ಬೀದಿಗೆ ಇಳಿದವು. ಅರ್ಧ ಗಡ್ಡದವನು ಕೆಂಪು ಬಣ್ಣದ ಡಬ್ಬಿಯನ್ನು ಬಹಳ ವಿನಯದಿಂದ ಗುಮಾಸ್ತನ ಕೈಯಿಂದ ತೆಗೆದುಕೊಂಡು, "ಭಾರ ಇದೆ, ನಾನು ಹೊರ್ತೀನಿ ಸಾರ್," ಎಂದ. ಆಮೇಲೆ ಆ ಡಬ್ಬಿಯನ್ನು ಯಾರೂ ನೋಡಲಿಲ್ಲ.

ಮನೆ ಖಾಲಿಯಾದೊಡನೆ ಚಳಿ ಬಂದು ಕೂತಿತು. ಮೇಷ್ಟ್ರು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ರವಿಲ್ ಬರ್ಲಿ ಅತ್ತೆಮ್ಮ. ರಾತ್ರಿ ಒಳಗೆ ಯಂತ್ರ ಕೂರತ್ತೆ. ಜಪಾನಿನದು," ಎಂದರು.

ಬೀಬಿಸೊರಾ ಪೆಟ್ಟಿಗೆಯನ್ನು ನೋಡಿದಳು, ಅಳಿಯನನ್ನು ನೋಡಿದಳು, ಮಗಳ ಹೆಗಲ ಮೇಲಿದ್ದ ಅವಳದೇ ಶಾಲನ್ನು ಎಳೆದು ಹೊದ್ದುಕೊಂಡಳು.

"ಅದು ಕೂರೋವರೆಗೆ ಇಲ್ಲಿ ಯಾರು ನಡುಗ್ತಾರೆ? ಜನ ಎಲ್ಲಾ ತಿರುವಿನ ಮನೇಲಿದ್ದಾರೆ. ಈಗ ಅಲ್ಲೇ ಬೆಚ್ಚಗಿರತ್ತೆ, ನಡಿ," ಎಂದು ಅಳಿಯನ ಕೈಹಿಡಿದು ಹೊಸ್ತಿಲು ದಾಟಿದಳು.